ಆಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ!

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದ ಬಂದು ಬೆಂಗಳೂರಿನಲ್ಲಿ ಓದುತ್ತಿರುವ, ದುಡಿಯುತ್ತಿರುವ ಯುವಕ-ಯುವತಿಯರ ಸಭೆಯಲ್ಲಿ ಆ ಸೀಮೆಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ.)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಮೊದಲು ಮೊಳೆ ಜೋಡಿಸಿದೆ, ಟ್ರೆಡಲ್ ತುಳಿದೆ, ಆಮೇಲೆ ಡಿಟಿಪಿ ಕಲಿತೆ, ಈಗ ಒಂದು ಸಣ್ಣ ಆಫ್‌ಸೆಟ್ ಮಷಿನ್ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಅಂಗಡಿಯವರ ಹ್ಯಾಂಡ್‌ಬಿಲ್, ಇದೇ ನನ್ನ ಅನ್ನ. ನಮ್ಮ ಕಡೆ ಯಾವ ಅಂಗಡಿಯವರು ಯಾವ ಮಾತನ್ನು ಎಷ್ಟು ಪಾಯಿಂಟಿನ ಅಕ್ಷರದಲ್ಲಿ ಹೇಳುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಅದನ್ನು ಅಚ್ಚು ಹಾಕಿಕೊಟ್ಟವನು ನಾನೇ!

ಆದ್ದರಿಂದ ಇವತ್ತಿನ ನನ್ನ ಮಾತನ್ನು ಉಪದೇಶ ಅಂತ ತಿಳಿಯಬೇಡಿ. ತಪ್ಪೊಪ್ಪಿಗೆ ಅಂತ ತಿಳಿಯಿರಿ.

ಕಳೆದ ವರ್ಷ ಜಾತ್ರೆಯ ಸಮಯ. ಮೊಬೈಲ್ ಅಂಗಡಿಯವರೊಬ್ಬರು ಬಂದರು. ಊರು, ಹೆಸರು ಬೇಡ. ಐದು ಸಾವಿರ ಹ್ಯಾಂಡ್‌ಬಿಲ್ ಬೇಕಾಗಿತ್ತು. ಮೇಲೆ ಕೆಂಪು ದಪ್ಪ ಅಕ್ಷರದಲ್ಲಿ ಅಚ್ಚ ಕನ್ನಡ: “ಹಳೇ ಫೋನ್ ತನ್ನಿ, 5,000 ರೂಪಾಯಿ ಕಡಿತ! ಇಯರ್‌ಬಡ್ಸ್ ಉಚಿತ! 16 ಜಿಬಿ ರ್ಯಾಮ್! ಬಡ್ಡಿ ಇಲ್ಲ!” ಪ್ರತಿ ಸಾಲಿನ ಕೊನೆಗೂ ಒಂದು ಸಣ್ಣ ನಕ್ಷತ್ರ. ಕೆಳಗೆ ಮೂರು ಸಾಲು ಇಂಗ್ಲಿಷು. ಆ ಮೂರು ಸಾಲಿನ ಮೇಲೆ ಬೆರಳಿಟ್ಟು ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಪ್ರೆಸ್ಸಿನವ್ರೆ, ಇದನ್ನ ಎಷ್ಟು ಸಣ್ಣಗ ಆಗತ್ತೋ ಅಷ್ಟು ಸಣ್ಣಗ ಹಾಕ್ರಿ. ಇರಬೇಕು, ಕಾಣಬಾರದು.”

ನಾನು ಹಾಕಿಕೊಟ್ಟೆ. ಐದು ಪಾಯಿಂಟ್. ಹಣ ಎಣಿಸಿಕೊಂಡೆ.

ವಾರದ ಮೇಲೆ ನನ್ನ ಪ್ರೆಸ್ಸಿನ ಮಷಿನ್ ಹುಡುಗ ಬಂದು ನನ್ನ ಟೇಬಲ್ಲಿನ ಮೇಲೆ ಅದೇ ಹ್ಯಾಂಡ್‌ಬಿಲ್ ಇಟ್ಟ. ತಂಗಿ ಪಿಯುಸಿ ಸೇರಿದ್ದಾಳೆ, ಪಾಠದ ಪಿಡಿಎಫ್ ಎಲ್ಲ ಫೋನಿಗೇ ಬರುತ್ತವೆ ಅಂತ 13,999 ರೂಪಾಯಿಯ ಫೋನ್ ಕೊಳ್ಳಲು ಹೋಗಿದ್ದ. ಹಳೇ ಫೋನಿಗೆ ಐದು ಸಾವಿರ ಕಳೆದರೆ 8,999 ಅಂತ ಅವನ ಲೆಕ್ಕ. ಅಂಗಡಿಯಲ್ಲಿ ಹಳೇ ಫೋನಿಗೆ ಸಿಕ್ಕಿದ್ದು 600. ಇಯರ್‌ಬಡ್ಸ್ ಬೇಕಾದರೆ 1,499ರ ಇನ್ಶೂರೆನ್ಸ್ ತಗೊಳ್ಳಲೇಬೇಕು ಅಂದರು. ಬಡ್ಡಿ ಇಲ್ಲದ ಕಂತಿಗೆ 599 ಫೈಲ್ ಚಾರ್ಜು. ಒಟ್ಟು ಅವನ ತಲೆಯ ಮೇಲೆ ಬಿದ್ದದ್ದು 15,497. ಮನೆಯಲ್ಲಿ ಹಾಕಿದ ಲೆಕ್ಕಕ್ಕೂ ಅಂಗಡಿಯ ಲೆಕ್ಕಕ್ಕೂ 6,498 ರೂಪಾಯಿ ಅಂತರ! ತಂಗಿ ಎದುರಿಗೆ ನಿಂತಿದ್ದಳು, ವಾಪಸ್ ಬರಲು ಮನಸ್ಸಾಗಲಿಲ್ಲ, ಸಹಿ ಹಾಕಿ ಬಂದ.

“ಅಣ್ಣಾ, ಇದು ನಾವ ಅಚ್ಚು ಹಾಕಿದ್ದಲ್ಲೇನು? ಕೆಳಗ ಏನೈತಿ, ಓದಿ ಹೇಳಣ್ಣ” ಅಂದ. ಆ ಕಾಗದವನ್ನು ಮಷಿನ್ನಿಗೆ ಕೊಟ್ಟವನೇ ಅವನು. ಐದು ಸಾವಿರ ಸಲ ಅವನ ಕಣ್ಣ ಮುಂದೆ ಹಾದುಹೋಗಿದೆ. ಅವನಿಗೇ ಕಂಡಿಲ್ಲ! ಬಣ್ಣ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನೋಡುವ ಭೂತಗನ್ನಡಿ ತೆಗೆದು ನಾನು ಓದಿದೆ. ವಿನಿಮಯದ ಬೆಲೆ ಹಳೇ ಫೋನಿನ ಸ್ಥಿತಿಯ ಮೇಲೆ. ಉಚಿತ ಕೊಡುಗೆ ಇನ್ಶೂರೆನ್ಸ್ ಕೊಂಡವರಿಗೆ ಮಾತ್ರ. ಕಂತಿಗೆ ಶುಲ್ಕ ಉಂಟು. ಎಲ್ಲ ಇತ್ತು. ಇರಬೇಕು, ಕಾಣಬಾರದು!

ಅವತ್ತು ನನಗೆ ಹೊಳೆದದ್ದು ಇಷ್ಟೇ. ನಮಗೆ ಆಸೆ ಹುಟ್ಟಿಸಲು ಅವರಿಗೆ ಕನ್ನಡ ಬೇಕು. ಕೈ ತೊಳೆದುಕೊಳ್ಳಲು ಮಾತ್ರ ಇಂಗ್ಲಿಷ್ ಬೇಕು. ಬೆಂಗಳೂರಿನ ಫ್ಲೆಕ್ಸುಗಳಲ್ಲಿ, ನಿಮ್ಮ ಫೋನಿಗೇ ಬರುವ ಜಾಹೀರಾತುಗಳಲ್ಲಿ ಇದೇ ಆಟ. ಕನ್ನಡದಲ್ಲಿ ಜಾಹೀರಾತು ಬಂತು ಅಂತ ನಾವು ಹೆಮ್ಮೆಪಡುತ್ತೇವೆ. ಷರತ್ತು ಯಾವ ಭಾಷೆಯಲ್ಲಿದೆ ಅಂತ ಕೇಳಿದ್ದೇವಾ?

ಸಾಲು ಸಾಲಾಗಿ ನೋಡೋಣ

“ಉಚಿತ” ಅಂದರೇನು? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ, ಕೊಡುಗೆಯನ್ನು ತರಿಸಿಕೊಳ್ಳಲು ತಪ್ಪಿಸಲಾಗದ ಖರ್ಚು ಬಿಟ್ಟು ಬೇರೆ ಕಾಸು ಕೊಡಬೇಕಾಗಿದ್ದರೆ ಅದನ್ನು ಉಚಿತ ಅನ್ನುವಂತಿಲ್ಲ. ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕು ಅನ್ನುವುದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಅಂತ ಹೆಸರಿಟ್ಟಿದೆ. ಅದು ದೂರಿಗೆ ಅರ್ಹ ತಪ್ಪು.

“ಬಡ್ಡಿ ಇಲ್ಲ” ಅಂದರೇನು? ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಬರೆದು, ಶೂನ್ಯ ಬಡ್ಡಿ ಎನ್ನುವುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಎಂಬ ಹೆಸರಿನಲ್ಲಿ ಮರೆಮಾಚಿ ವಸೂಲು ಮಾಡಲಾಗುತ್ತಿದೆ ಅಂತ ಹೇಳಿತು. ಲೆಕ್ಕ ಕಷ್ಟವಲ್ಲ. ಕೈಯಲ್ಲಿ ನಗದು ಕೊಟ್ಟರೆ 14,000ಕ್ಕೆ ಸಿಗುವ ಫೋನ್ ಕಂತಿನಲ್ಲಿ ತಿಂಗಳಿಗೆ 1,875ರಂತೆ ಎಂಟು ತಿಂಗಳು ಅಂದರೆ 15,000 ಆಯಿತು. ಫೈಲ್ ಚಾರ್ಜು 600 ಸೇರಿಸಿ, 15,600. ಆ 1,600 ಏನು? ಬಡ್ಡಿ! ಹೆಸರು ಬದಲಾಯಿಸಿದರೆ ಹೋರಿ ಹಸುವಾಗುತ್ತದೆಯೇ? ಆದ್ದರಿಂದ ಅಂಗಡಿಯಲ್ಲಿ ಮೊದಲ ಪ್ರಶ್ನೆ, “ತಿಂಗಳಿಗೆ ಎಷ್ಟು?” ಅಂತ ಅಲ್ಲ. “ನಗದಾದರೆ ಎಷ್ಟು, ಕಂತೆಲ್ಲ ಮುಗಿದ ಮೇಲೆ ಒಟ್ಟು ಎಷ್ಟು?” ಅಂತ.

“16 ಜಿಬಿ” ಅಂದರೇನು? ಬಹಳ ಸಲ 8 ಜಿಬಿ ನಿಜವಾದ ರ್ಯಾಮ್, ಇನ್ನು 8 ಜಿಬಿ ಫೋನಿನ ಸ್ಟೋರೇಜಿನಿಂದಲೇ ಎರವಲು ತಂದದ್ದು. ಎರವಲು ಒಡವೆ ಹಾಕಿಕೊಂಡು ಮದುವೆಗೆ ಹೋದ ಹಾಗೆ. ನಿಜವಾದ ರ್ಯಾಮ್ ಎಷ್ಟು ವೇಗವಾಗಿ ಕೆಲಸ ಮಾಡುತ್ತದೋ ಅಷ್ಟು ವೇಗ ಈ ಎರವಲಿಗೆ ಬರುವುದಿಲ್ಲ. ಹಾಗೆಯೇ 128 ಜಿಬಿ ಸ್ಟೋರೇಜ್ ಅಂದರೆ ಅಷ್ಟೂ ನಿಮ್ಮ ಕೈಗೆ ಸಿಗುವುದಿಲ್ಲ. ಫೋನಿನ ಸ್ವಂತ ಸಾಫ್ಟ್‌ವೇರ್ ಅದರಲ್ಲಿ ಮೊದಲೇ ಮನೆ ಮಾಡಿರುತ್ತದೆ.

ಸಣ್ಣ ಅಂಗಡಿಯವರು ಮಾತ್ರ ಹೀಗೆ ಅಂತ ತಿಳಿಯಬೇಡಿ. 2012ರ ಸೆಪ್ಟೆಂಬರಿನಲ್ಲಿ ನೋಕಿಯಾ ಕಂಪನಿ ತನ್ನ ಲೂಮಿಯಾ 920 ಫೋನಿನ ಕ್ಯಾಮೆರಾ ಎಷ್ಟು ಅದ್ಭುತ ಅಂತ ತೋರಿಸಲು ಸೈಕಲ್ ತುಳಿಯುವ ಹುಡುಗಿಯ ವಿಡಿಯೋ ಬಿಟ್ಟಿತು. ಕಿಟಕಿಯ ಗಾಜಿನಲ್ಲಿ ಒಂದು ವ್ಯಾನಿನ ಪ್ರತಿಬಿಂಬ ಬಿದ್ದಿತ್ತು. ವ್ಯಾನಿನೊಳಗೆ ದೊಡ್ಡ ಕ್ಯಾಮೆರಾ ಹಿಡಿದವನು ಕೂತಿದ್ದ! ಜನ ಕಂಡುಹಿಡಿದರು, ಕಂಪನಿ ಕ್ಷಮೆ ಕೇಳಿತು. ಸ್ಯಾಮ್‌ಸಂಗ್ ಆಸ್ಟ್ರೇಲಿಯಾದಲ್ಲಿ ತನ್ನ ಗ್ಯಾಲಕ್ಸಿ ಫೋನುಗಳನ್ನು ಈಜುಕೊಳದಲ್ಲಿ, ಸಮುದ್ರದಲ್ಲಿ ಬಳಸಬಹುದು ಅನ್ನುವ ಹಾಗೆ ಜಾಹೀರಾತು ಕೊಟ್ಟಿತ್ತು. ಆ ನೀರಿನಿಂದ ಚಾರ್ಜಿಂಗ್ ಕಿಂಡಿ ತುಕ್ಕು ಹಿಡಿಯುವ ಸಾಧ್ಯತೆ ಇತ್ತು. 2022ರ ಜೂನ್ ತಿಂಗಳಲ್ಲಿ ಅಲ್ಲಿನ ನ್ಯಾಯಾಲಯ 1 ಕೋಟಿ 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಲ್ಲಿಯ ಗ್ರಾಹಕ ದೂರು ಕೊಟ್ಟ, ಅಲ್ಲಿಯ ಸಂಸ್ಥೆ ಎದ್ದು ನಿಂತಿತು. ನಮ್ಮಲ್ಲಿ ಫೋನ್ ನೀರು ಕುಡಿದರೆ ನಾವು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟು ಹಣೆ ಚಚ್ಚಿಕೊಳ್ಳುತ್ತೇವೆ!

251 ರೂಪಾಯಿಯ ಕನಸು

ನಮ್ಮ ದೇಶದ್ದೇ ಕಥೆ ನೆನಪಿದೆಯಾ? 2016ರ ಫೆಬ್ರುವರಿ. ನೊಯ್ಡಾದ ರಿಂಗಿಂಗ್ ಬೆಲ್ಸ್ ಎಂಬ ಕಂಪನಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಅಂತ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟಿತು. ಹೆಸರು ಫ್ರೀಡಂ 251. ಮುಗಿಬಿದ್ದ ಜನರ ಭಾರಕ್ಕೆ ಅವರ ವೆಬ್‌ಸೈಟ್ ಕುಸಿದುಬಿತ್ತು. ಪತ್ರಕರ್ತರಿಗೆ ಕೊಟ್ಟ ಮಾದರಿ ಫೋನಿನ ಮೇಲೆ ಬೇರೊಂದು ಕಂಪನಿಯ ಹೆಸರಿತ್ತು, ಅದರ ಮೇಲೆ ಬಿಳಿ ಬಣ್ಣ ಬಳಿದಿದ್ದರು! ಮರುವರ್ಷ, 2017ರ ಫೆಬ್ರುವರಿಯಲ್ಲಿ, ವಿತರಕರೊಬ್ಬರ ವಂಚನೆ ದೂರಿನ ಮೇಲೆ ಗಾಜಿಯಾಬಾದ್ ಪೊಲೀಸರು ಆ ಕಂಪನಿಯ ನಿರ್ದೇಶಕನನ್ನು ಬಂಧಿಸಿದರು. ಒಂದು ಕಿಲೋ ಮಟನ್ ಬೆಲೆಗಿಂತ ಕಡಿಮೆಗೆ ಫೋನ್ ಹೇಗೆ ಬರುತ್ತದೆ ಅಂತ ಮುಗಿಬಿದ್ದವರು ಯೋಚಿಸಲಿಲ್ಲ. ಜನ ದಡ್ಡರು ಅಂತ ನಾನು ಹೇಳುತ್ತಿಲ್ಲ. ಪತ್ರಿಕೆಯಲ್ಲಿ ಅಚ್ಚಾಗಿದೆ ಅಂದಮೇಲೆ ನಿಜವೇ ಇರಬೇಕು ಅಂತ ನಂಬಿದರು. ಅಚ್ಚಿನ ಮೇಲಿನ ಆ ನಂಬಿಕೆಯನ್ನೇ ಇವರು ಮಾರಿಕೊಳ್ಳುತ್ತಿರುವುದು.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನಿಮಗೆಲ್ಲ ಗೊತ್ತು. ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಅಂದರೆ ನೆರೆದ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಬರುವುದು ಒಂದೇ ಸಾಲು. ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಅದು ದೈವವಾಣಿ, ಅರ್ಥ ಹಚ್ಚಿಕೊಳ್ಳುವುದು ಭಕ್ತರಿಗೆ ಬಿಟ್ಟದ್ದು. ಆದರೆ ಅಂಗಡಿಯವರ ಜಾಹೀರಾತೂ ಕಾರಣಿಕವೇ? ಅದಕ್ಕೆ ನಾವು ಅರ್ಥ ಹಚ್ಚಿಕೊಂಡು ಕೂರಬೇಕೆ? ಅದರ ಅರ್ಥ ಹೇಳಬೇಕಾದವರು ಅವರು. ನಮ್ಮ ಭಾಷೆಯಲ್ಲಿ, ನಮಗೆ ಕಾಣುವ ಅಕ್ಷರದಲ್ಲಿ.

ಇದು ನನ್ನ ಮಾತಲ್ಲ, ಕಾನೂನು!

ಈಗ ನಾನು ಹೇಳುವುದನ್ನು ದಯವಿಟ್ಟು ಬರೆದುಕೊಳ್ಳಿ. 2022ರ ಅದೇ ಮಾರ್ಗಸೂಚಿಯಲ್ಲಿ ಷರತ್ತಿನ ಸಾಲುಗಳ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮಾತಿನ ಅಕ್ಷರ ಯಾವುದೋ ಷರತ್ತಿನ ಅಕ್ಷರವೂ ಅದೇ ಆಗಿರಬೇಕು. ಸಾಮಾನ್ಯ ದೃಷ್ಟಿಯ ಮನುಷ್ಯ ಒಂದು ಸಲ ಓದಿದರೆ ಕಾಣುವಂತಿರಬೇಕು. ಮುಖ್ಯ ಸಂಗತಿಯನ್ನು ಷರತ್ತಿನ ಮರೆಯಲ್ಲಿ ಬಚ್ಚಿಡುವಂತಿಲ್ಲ.

ಕನ್ನಡದ ಜಾಹೀರಾತಿಗೆ ಕನ್ನಡದಲ್ಲೇ ಷರತ್ತು! ಇದಕ್ಕಾಗಿ ನಾವು ಹೊಸ ಕಾನೂನು ಬೇಡಬೇಕಾಗಿಲ್ಲ. ಇರುವ ನಿಯಮವನ್ನು ತೋರಿಸಿದರೆ ಸಾಕು.

ಇದು ಕಾಗದದ ಹುಲಿ ಅಂತ ಕೆಲವರು ನಗಬಹುದು. ನಿಮ್ಮ ಬೆಂಗಳೂರಿನದೇ ಕಂಪನಿ ರ್ಯಾಪಿಡೋ “5 ನಿಮಿಷದಲ್ಲಿ ಆಟೋ, ಇಲ್ಲವಾದರೆ 50 ರೂಪಾಯಿ” ಅಂತ ಜಾಹೀರಾತು ಕೊಟ್ಟಿತ್ತು. 120ಕ್ಕೂ ಹೆಚ್ಚು ನಗರಗಳಲ್ಲಿ, ಹಲವು ಪ್ರಾದೇಶಿಕ ಭಾಷೆಗಳಲ್ಲಿ, ಸುಮಾರು ಒಂದೂವರೆ ವರ್ಷ ಅದು ನಡೆಯಿತು. ಕೊಡುತ್ತಿದ್ದದ್ದು ನಗದಲ್ಲ, 50ರವರೆಗೆ ಅವರದೇ “ಕಾಯಿನ್”. ಅದೂ ಬೈಕ್ ಸವಾರಿಗೆ ಮಾತ್ರ, ಏಳು ದಿನದೊಳಗೆ. ಷರತ್ತಿನ ಸಾಲು ಓದಲಾಗದಷ್ಟು ಸಣ್ಣದು. 2025ರ ಆಗಸ್ಟಿನಲ್ಲಿ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ಹಾಕಿ, ಜಾಹೀರಾತು ನಿಲ್ಲಿಸಿ, ಜನರ ಹಣ ಹಿಂತಿರುಗಿಸಿ ಅಂತ ಆದೇಶ ಮಾಡಿತು. ಆಟೋಗೆ ಅನ್ವಯಿಸಿದ್ದು ಫೋನಿಗೆ ಅನ್ವಯಿಸುವುದಿಲ್ಲವೇ?

ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಪ್ರಾಧಿಕಾರಕ್ಕಿದೆ. ಅಂಥ ಜಾಹೀರಾತಿನಲ್ಲಿ ನಗುವ ಸಿನಿಮಾ ತಾರೆ, ಕ್ರಿಕೆಟ್ ಆಟಗಾರರಿಗೂ ದಂಡವುಂಟು, ಒಂದು ವರ್ಷ ಜಾಹೀರಾತಿನಲ್ಲಿ ಕಾಣಿಸಿಕೊಳ್ಳದಂತೆ ತಡೆಯಬಹುದು.

ಇನ್ನು ಪೆಟ್ಟಿಗೆಯ ಮೇಲಿನ ಅಕ್ಷರ. 2011ರ ಪೊಟ್ಟಣ ನಿಯಮಗಳ ಪ್ರಕಾರ ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮುಂತಾದವು ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಹಾಕಬೇಡಿ ಅಂತ ಇಲ್ಲ. ಹಾಕಲೇಬೇಕು ಅಂತಲೂ ಆ ನಿಯಮಗಳಲ್ಲಿ ಇಲ್ಲ. ಕನ್ನಡ ಓದುವ ಕೋಟಿಗಟ್ಟಲೆ ಜನ ಕಾಸು ಕೊಟ್ಟು ಕೊಳ್ಳಬೇಕು, ಪೆಟ್ಟಿಗೆಯ ಮೇಲೆ ಏನಿದೆ ಅಂತ ಇನ್ನೊಬ್ಬರನ್ನು ಕೇಳಬೇಕು. ಇದೆಂಥ ನ್ಯಾಯ? ನಮ್ಮ ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ತಯಾರಾಗುತ್ತದೆ. ನಮ್ಮ ಹುಡುಗಿಯರ ಬೆರಳು ಜೋಡಿಸಿದ ಫೋನಿನ ಪೆಟ್ಟಿಗೆಯ ಮೇಲೆ ಕನ್ನಡ ಎಷ್ಟಿದೆ ಅಂತ ಹುಡುಕಿ ನೋಡಿ.

ಹಾಗಾದರೆ ಮಾಡಬೇಕಾದ್ದೇನು?

ಹ್ಯಾಂಡ್‌ಬಿಲ್ ಬಿಸಾಕಬೇಡಿ. ಅದರಲ್ಲಿ ಮಿರ್ಚಿ ಕಟ್ಟಿಸಿಕೊಳ್ಳಬೇಡಿ! ಬಿಲ್ಲಿನ ಜೊತೆ ಪಿನ್ ಹಾಕಿಡಿ. ಫೋನಿನಲ್ಲಿ ಬಂದ ಜಾಹೀರಾತಾದರೆ ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಜಾಹೀರಾತು ನಾಳೆ ಮಾಯವಾಗುತ್ತದೆ, ನಿಮ್ಮ ಸಾಕ್ಷಿ ಉಳಿಯುತ್ತದೆ.

ಬಿಲ್ ಕೇಳಿ. ಬಿಲ್ ಕೊಡದಿರುವುದೇ ಕಾನೂನಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದುಡ್ಡು ಕೊಡುವ ಮೊದಲು ಫೋನಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಪೆಟ್ಟಿಗೆಯ ಮೇಲೆ, ಬಿಲ್ಲಿನ ಮೇಲೆ ಅದೇ ಸಂಖ್ಯೆ ಇರಬೇಕು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ಫೋನ್ ಅಸಲಿಯೇ ಅಂತ ನೋಡಬಹುದು. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಒಡೆಯುವುದನ್ನು ವಿಡಿಯೋ ಮಾಡಿ. “ಎರಡೇ ಪೀಸ್ ಉಳಿದಿದೆ, ಹತ್ತು ನಿಮಿಷ ಬಾಕಿ” ಅಂತ ಸುಳ್ಳೇ ಗಡಿಬಿಡಿ ಹಚ್ಚುವುದನ್ನು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಗಡಿಬಿಡಿ ಅವರಿಗೆ, ನಮಗಲ್ಲ.

ಬಿಲ್ಲಿನ ಕೆಳಗೆ “ಒಮ್ಮೆ ಮಾರಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ” ಅಂತ ಇರುತ್ತದಲ್ಲ, ಅದನ್ನು ಬಿಲ್ ಬುಕ್ಕಿನಲ್ಲಿ ಹಾಕುವವನೂ ನಾನೇ. ಯಾರೂ ಹೇಳದಿದ್ದರೂ ರೂಢಿಯಂತೆ ಹಾಕಿಬಿಡುತ್ತಿದ್ದೆ! ದೋಷವಿರುವ ವಸ್ತುವಿಗೆ ಆ ಸಾಲು ನಿಲ್ಲುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳದಿದ್ದರೆ 30 ದಿನದೊಳಗೆ, ದೋಷದ ಸರಕನ್ನು ವಾಪಸ್ ತಗೊಳ್ಳದಿರುವುದು ತಪ್ಪು. ಆದರೆ ಬಣ್ಣ ಹಿಡಿಸಲಿಲ್ಲ, ಗೆಳೆಯ ಬೇರೆ ಫೋನ್ ತಂದ ಅಂತ ಹೋದರೆ ಕಾನೂನು ನಿಮ್ಮ ಜೊತೆ ಬರುವುದಿಲ್ಲ. ನ್ಯಾಯ ಎರಡೂ ಕಡೆ ಇರಲಿ.

ಮೋಸವಾಯಿತೋ, ಮೊದಲು ಅಂಗಡಿಗೆ ಬರಹದಲ್ಲಿ ತಿಳಿಸಿ. ಆಮೇಲೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೇ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. 1986ರ ಹಳೇ ಕಾಯ್ದೆಯಲ್ಲಿ ಎದುರಾಳಿ ಇರುವ ಕಡೆ ಅಥವಾ ಮೋಸ ನಡೆದ ಕಡೆ ಹೋಗಬೇಕಿತ್ತು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲಿ ನೀವು ವಾಸಿಸುವ ಅಥವಾ ದುಡಿಯುವ ಕಡೆಯೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ದುಡಿಯುವ ನೀವು ಬೆಂಗಳೂರಿನಲ್ಲೇ, ಹಡಗಲಿಯ ನಿಮ್ಮಪ್ಪ ತನ್ನ ಸೀಮೆಯ ಜಿಲ್ಲಾ ಆಯೋಗದಲ್ಲೇ.

ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ದಾರಿ ತಪ್ಪಿಸುವ ಜಾಹೀರಾತಿನ ಮೇಲೆ ಜಿಲ್ಲಾಧಿಕಾರಿಗೂ ದೂರು ಕೊಡಬಹುದು, ಕಾಯ್ದೆಯ 17ನೇ ಕಲಂ. ಹರಪನಹಳ್ಳಿಯವರು ಬಳ್ಳಾರಿ, 1997ರಿಂದ ದಾವಣಗೆರೆ, 2018ರಿಂದ ಮತ್ತೆ ಬಳ್ಳಾರಿ ಅಂತ ಅಲೆದು ಸುಸ್ತಾಗಿದ್ದರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ನಮ್ಮ ಐದೂ ತಾಲ್ಲೂಕಿಗೆ ಜಿಲ್ಲಾಧಿಕಾರಿ ಹೊಸಪೇಟೆಯಲ್ಲೇ ಇದ್ದಾರೆ. ಜಿಲ್ಲೆ ಬಂದದ್ದು ಬೋರ್ಡು ಬದಲಾಯಿಸಲಿಕ್ಕೆ ಮಾತ್ರವಾ?

ನನ್ನ ಪಾಲಿನ ಲೆಕ್ಕ

ನನ್ನ ಹುಡುಗನ ಕಥೆ ಮುಗಿಸುತ್ತೇನೆ. ನಾವಿಬ್ಬರೂ ಆ ಅಂಗಡಿಗೆ ಹೋದೆವು. ಮೊದಲು ನಕ್ಕರು. ಹ್ಯಾಂಡ್‌ಬಿಲ್ ತೋರಿಸಿ, 1915ಕ್ಕೆ ದೂರು ಕೊಡುತ್ತೇವೆ ಅಂದಮೇಲೆ ಇನ್ಶೂರೆನ್ಸಿನ 1,499 ವಾಪಸ್ ಕೊಟ್ಟರು. ಉಳಿದ ಐದು ಸಾವಿರದಷ್ಟು ಹೋದದ್ದು ಹೋಯಿತು. “ಸಾಕು ಬಿಡಣ್ಣ, ಅಲೆದಾಟ ಬ್ಯಾಡ” ಅಂದ. ನಾನೂ ಸುಮ್ಮನಾದೆ. ಆ ಅಂಗಡಿಯವರು ತಮ್ಮ ಅಚ್ಚಿನ ಕೆಲಸ ಬೇರೆ ಪ್ರೆಸ್ಸಿಗೆ ಕೊಟ್ಟರು. ನನಗೂ ನಷ್ಟವಾಯಿತು. ಇಬ್ಬರೂ ಸಮ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಆದರೆ ಸಮವಲ್ಲ. ಚುನಾವಣೆಯ ಕರಪತ್ರ ಅಚ್ಚು ಹಾಕಿದರೆ ಮುದ್ರಕನ ಹೆಸರು, ವಿಳಾಸ ಹಾಕಲೇಬೇಕು. ಜನಪ್ರತಿನಿಧಿ ಕಾಯ್ದೆಯ 127ಎ ಕಲಂ, ತಪ್ಪಿದರೆ ಆರು ತಿಂಗಳವರೆಗೆ ಜೈಲು. ಅದಕ್ಕೇ ಆ ಕೆಲಸದಲ್ಲಿ ನಾವು ಮೈಯೆಲ್ಲ ಕಣ್ಣಾಗಿರುತ್ತೇವೆ. ಅಂಗಡಿಯ ಜಾಹೀರಾತಿಗೆ ಬಂದರೆ, ಮಾಮೂಲು ವ್ಯಾಪಾರದ ಭಾಗವಾಗಿ ಪ್ರಕಟಿಸಿದವರಿಗೆ ಗ್ರಾಹಕ ಕಾಯ್ದೆಯ ದಂಡದಿಂದ ವಿನಾಯಿತಿ ಇದೆ. ನನ್ನಂಥವನು ಆ ಸಂದಿನಲ್ಲಿ ತಪ್ಪಿಸಿಕೊಳ್ಳಬಹುದು. ಆದರೆ ಆ ಹುಡುಗ ದಿನಾ ನನ್ನ ಎದುರಿಗೇ ಮಷಿನ್ ಓಡಿಸುತ್ತಾನೆ. ಅವನಿಗೆ ಯಾವ ಕಲಂ ತೋರಿಸಲಿ?

ಅದಕ್ಕೆ ನನ್ನ ಪ್ರೆಸ್ಸಿನಲ್ಲಿ ಈಗ ಮೂರು ನಿಯಮ ಗೋಡೆಗೆ ಅಂಟಿಸಿದ್ದೇನೆ. ಜಾಹೀರಾತು ಕನ್ನಡದಲ್ಲಿದ್ದರೆ ಷರತ್ತೂ ಕನ್ನಡದಲ್ಲಿ. ಷರತ್ತಿನ ಅಕ್ಷರ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದು. ಕೆಳಗೆ ನನ್ನ ಪ್ರೆಸ್ಸಿನ ಹೆಸರು. ಇದರಿಂದ ಇಬ್ಬರು ಗಿರಾಕಿಗಳು ಹೋದರು. ಒಬ್ಬರು ಹೊಸದಾಗಿ ಬಂದರು. ಅವರ ಅಂಗಡಿಯಲ್ಲಿ ಮುಚ್ಚಿಡುವುದೇನೂ ಇಲ್ಲವಂತೆ.

ಎರಡು ವರ್ಷದ ಗಡುವು ಇನ್ನೂ ಮುಗಿದಿಲ್ಲ. ಊರಿಗೆ ಹೋದ ಮೇಲೆ ನಾವಿಬ್ಬರೂ ಹೊಸಪೇಟೆಯ ಬಸ್ ಹತ್ತುತ್ತೇವೆ. ಕನ್ನಡದಲ್ಲಿ ಬರೆದ ದೂರು ಸಿದ್ಧವಾಗಿದೆ. ಜೊತೆಗೆ ಆ ಹ್ಯಾಂಡ್‌ಬಿಲ್, ಬಿಲ್ಲು, ಮತ್ತು ನನ್ನ ಕೆಲಸದ ರಿಜಿಸ್ಟರಿನ ಆ ಪುಟ. ದೂರಿನಲ್ಲಿ ಒಂದು ಸಾಲು ಹೀಗಿದೆ: “ಈ ಜಾಹೀರಾತನ್ನು ಮುದ್ರಿಸಿದವನು ನಾನು.” ಅದನ್ನು ಮಾತ್ರ ಹದಿನೆಂಟು ಪಾಯಿಂಟಿನಲ್ಲಿ ಹಾಕಿದ್ದೇನೆ.

ನಿಮ್ಮನ್ನು ಕೇಳುವುದು ಇಷ್ಟೇ, ತಮ್ಮಂದಿರೆ, ತಂಗಿಯರೆ. ಮುಂದಿನ ಸಲ ಕನ್ನಡದಲ್ಲಿ ಜಾಹೀರಾತು ಕಂಡರೆ ಖುಷಿಪಡಿ. ಆದರೆ ಕೆಳಗೆ ಬಗ್ಗಿ ನೋಡಿ. ನಕ್ಷತ್ರ ಕಂಡರೆ ಅಂಗಡಿಯವರನ್ನು ಕೇಳಿ, “ಇದನ್ನ ಕನ್ನಡದಾಗ ಓದಿ ಹೇಳ್ರಿ.” ಹತ್ತು ಜನ ಕೇಳಲಿ, ಹತ್ತು ಊರಲ್ಲಿ ಕೇಳಲಿ. ಆಮೇಲೆ ನೋಡೋಣ, ಆ ಅಕ್ಷರ ಎಷ್ಟು ದಿನ ಸಣ್ಣದಾಗಿ ಉಳಿಯುತ್ತದೆ!